ಕೈಗುಣ ಅಲ್ಲ ಕಣ್ರಮ್ಮ, ರ‍್ಯಾಮು

ಹಾದೀಲಿ ಬೀದೀಲಿ ಸಿಕ್ಕೋರೆಲ್ಲ ಕೇಳ್ತಾನೇ ಇದೀರ, "ನಿಮ್ ಸೊಸೆ ಕಂಪ್ಯೂಟ್ರು ಸರಿ ಹೋಯ್ತಾ?" ಅಂತ. ಹೋಯ್ತು. ಎರಡು ತಿಂಗಳಾಯ್ತು, ಒಂದು ಸಲಾನೂ ನಿಂತಿಲ್ಲ. ಆದ್ರೆ ಕೇಳೋರಲ್ಲಿ ಅರ್ಧ ಜನ ಹಿಂದೇನೇ ಇನ್ನೊಂದು ಮಾತು ಸೇರಿಸ್ತೀರಲ್ಲ, "ಅವ್ಳೇ ಜೋಡಿಸಿದ್ಲಂತೆ, ಅದಕ್ಕೇ ಇರ್ಬೇಕು" ಅಂತ, ಆ ಮಾತಿಗೆ ಕೊಡ ಇಟ್ಕಂಡು ನಿಂತು ಉತ್ತರ ಹೇಳಕ್ಕಾಗಲ್ಲ. ಅದಕ್ಕೇ ಇವತ್ತು ಕೂತ್ಕಂಡು ಬರೀತಾ ಇದೀನಿ. ಆ ಮಾತನ್ನ ಮೊದ್ಲು ಆಡಿದ್ದೇ ನಾನು. ಅದನ್ನೂ ಬರೀಬೇಕು.

ಗೊತ್ತಿಲ್ದೋರಿಗೆ ಹೇಳ್ತೀನಿ. ನನ್ನ ಸೊಸೆ ಮದುವೆ ಆಲ್ಬಂ ಡಿಸೈನ್ ಮಾಡ್ತಾಳೆ. ಶಿರಾ ಕಡೆಯೋರು, ಹಿರಿಯೂರು ಕಡೆಯೋರು ಸ್ಟುಡಿಯೋದಿಂದ ಫೋಟೋ ಕಳಿಸ್ತಾರೆ, ಇವ್ಳು ಮನೇಲೇ ಕೂತು ಹಾಳೆ ಹಾಳೆ ಜೋಡಿಸಿ ವಾಪಸ್ ಕಳಿಸ್ತಾಳೆ. ಹಳೇ ಲ್ಯಾಪ್‌ಟಾಪು ಒಂದು ಫೋಟೋ ತೆಗೆಯಕ್ಕೆ ಅರ್ಧ ಲೋಟ ಕಾಫಿ ಕುಡಿಯೋಷ್ಟು ಹೊತ್ತು ತಗಳದು. ಅದಕ್ಕೇ ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ 40 ಸಾವಿರ ಸಾಲ ತಗಂಡು, ತಾನು ಕೂಡಿಟ್ಟಿದ್ದು 30 ಸಾವಿರ ಹಾಕಿ, ಒಂದೊಂದು ಭಾಗಾನೂ ಬರ್ಕೊಂಡು, ಮಗನ್ನ ಬೆಂಗಳೂರಿನ ಎಸ್‌ಪಿ ರೋಡಿಗೆ ಕಳಿಸಿ ತರಿಸಿದ್ಲು. ಜೋಡಿಸೋ ದುಡ್ಡು ಉಳೀಲಿ ಅಂತ ನಡುಮನೇಲಿ ಚಾಪೆ ಹಾಸ್ಕೊಂಡು ಅವ್ಳೇ ಜೋಡಿಸಿದ್ಲು. ಸಾಲಕ್ಕೆ ನೀವೇ ಎಷ್ಟೋ ಜನ ಕೈ ಎತ್ತಿದ್ರಿ. ಹಂಗಾಗಿ ಇದು ನಮ್ಮನೆ ಸಮಾಚಾರ ಮಾತ್ರ ಅಲ್ಲ, ನಿಮ್ಮ ದುಡ್ಡಿನ ಸಮಾಚಾರಾನೂ ಹೌದು.

ಮೂರು ದಿನ ಚೆನ್ನಾಗಿ ಓಡ್ತು. ನಾಕನೇ ದಿನ ರಾತ್ರಿ ಅಡಿಗೆಮನೇಲಿದ್ದೆ, "ಅಯ್ಯೋ" ಅಂದ್ಲು. ಹೋಗಿ ನೋಡಿದ್ರೆ ಪರದೆ ಮೇಲಿನ ಮದುಮಗಳು ಹಂಗೇ ನಿಂತವ್ಳೆ. ಮೌಸು ಅಲ್ಲಾಡ್ತಿಲ್ಲ, ಕೀ ಒತ್ತಿದ್ರೆ ಏನೂ ಇಲ್ಲ. ಗುಂಡಿ ಒತ್ತಿ ಹಿಡ್ಕಂಡು ಆರಿಸಿದ್ಲು. ಒಂದೂವರೆ ಗಂಟೆ ಕೆಲಸ ಹೋಯ್ತು. ಮಾರನೇ ದಿನ ಏನೂ ಇಲ್ಲ. ಅದರ ಮಾರನೇ ದಿನ ಬೆಳಿಗ್ಗೆ, ಇದ್ದಕ್ಕಿದ್ದಂಗೆ ಆರಿ ತಾನೇ ಹತ್ಕಂತು. ಆಮೇಲೆ ಎರಡು ದಿನ ಸುಮ್ನಿತ್ತು. ಆಮೇಲೆ ನೀಲಿ ಪರದೆ.

ಪೂರ್ತಿ ಕೆಟ್ಟಿದ್ರೆ ಒಳ್ಳೇದಿತ್ತು ಅಂತ ಈಗ ಅನ್ಸುತ್ತೆ. ಪೂರ್ತಿ ಕೆಟ್ಟಿದ್ದನ್ನ ಎಲ್ರೂ ನಂಬ್ತಾರೆ. ಒಂದೊಂದ್ಸಲ ಕೆಡೋದನ್ನ ಯಾರೂ ನಂಬಲ್ಲ. ನನ್ನ ಮಗ ಬಂದು ಕೂತಾಗ ಚೆನ್ನಾಗಿ ಓಡೋದು. "ಎಲ್ಲೈತೆ ಪ್ರಾಬ್ಲಂ?" ಅನ್ನೋನು. ಪಟ್ಟಣದ ರಿಪೇರಿ ಅಂಗಡಿಗೆ ಕೊಟ್ರೆ ಮೂರು ದಿನ ಇಟ್ಕಂಡು, "ನಮ್ಮ ಹತ್ರ ಒಂದ್ಸಲಾನೂ ನಿಂತಿಲ್ಲ ಕಣಮ್ಮ, ಯಾರು ಜೋಡಿಸಿದ್ದು ಇದನ್ನ?" ಅಂದ್ರು. ವಿಂಡೋಸ್ ಹೊಸದಾಗಿ ಹಾಕಿದ್ರು, ಒಂದು ಕೇಬಲ್ ಬದಲಾಯಿಸಿದ್ರು, ಬಯಾಸ್ ಅಪ್‌ಡೇಟ್ ಮಾಡಿದ್ರು, ದುಡ್ಡು ತಗಂಡ್ರು. ಮನೆಗೆ ತಂದ ಮೇಲೆ ನಾಕು ದಿನ ಓಡ್ತು, ಐದನೇ ದಿನ ಮತ್ತೆ ಅದೇ ರಾಮಾಯಣ.

ಅವತ್ತು ನಾನು ಅಂದೆ: "ಕೈಗುಣ ಚೆನ್ನಾಗಿರ್ಬೇಕಮ್ಮ ಇಂಥ ಕೆಲಸಕ್ಕೆ. ಗಂಡಸರು ಮಾಡೋದನ್ನ ಯಾಕೆ ಮೈಮೇಲೆ ಎಳ್ಕೊಂಡೆ?" ಅವ್ಳು ಎದುರು ಮಾತಾಡ್ಲಿಲ್ಲ. ಎರಡು ದಿನ ನನ್ನ ಹತ್ರ ಮಾತೇ ಆಡ್ಲಿಲ್ಲ. ಊಟಕ್ಕೆ ಬಡಿಸೋಳು, ಹೋಗೋಳು. ಸ್ಟುಡಿಯೋದೋರು ಫೋನ್ ಮಾಡ್ತಿದ್ರು, ಅಡ್ವಾನ್ಸ್ ವಾಪಸ್ ಕೇಳ್ತಿದ್ರು. ಸಂಘದ ಕಂತು ಹತ್ರ ಬರ್ತಿತ್ತು. ಕಂಪ್ಯೂಟರನ್ನ ಬಂದಷ್ಟಕ್ಕೆ ಮಾರಿಬಿಡೋಣ ಅಂತ ಮಗ ಹೇಳ್ದ.

ಮೂರನೇ ದಿನ ಸೊಸೆ ಮೊಮ್ಮಗಳ ಹಳೇ ನೋಟ್ ಬುಕ್ಕಿನಲ್ಲಿ ಗೀಟು ಹಾಕ್ತಾ ಕೂತಿದ್ಲು. ತಾರೀಕು, ಟೈಮು, ಆಗ ಏನ್ ಮಾಡ್ತಿದ್ಲು, ಏನಾಯ್ತು, ಲೈಟು ಮಂಕಾಯ್ತಾ, ಫ್ಯಾನ್ ಸದ್ದು ಜಾಸ್ತಿ ಆಯ್ತಾ. ಆರು ಕಾಲಂ. "ಇದರಿಂದ ಏನಾಗುತ್ತೆ?" ಅಂದೆ. "ಗೊತ್ತಿಲ್ಲ ಅತ್ತೆ. ಸುಮ್ನೆ ಬೈಸ್ಕೊಳೋ ಬದ್ಲು ಬರ್ಕೊಂತೀನಿ" ಅಂದ್ಲು. ನನಗೆ ಚುಚ್ಚಿದಂಗಾಯ್ತು, ಆದ್ರೂ ಸುಮ್ನಿದ್ದೆ.

19 ದಿನ ಬರೆದ್ಲು. 23 ಸಲ ಕೆಟ್ಟಿತ್ತು. ಒಂದು ಮಧ್ಯಾಹ್ನ ಬುಕ್ ತೆಗೆದು ನನಗೆ ಓದಿ ಹೇಳ್ತಿದ್ಲು. ಅದ್ರಲ್ಲಿ 14 ಸಲ ಪರದೆ ನಿಂತಿದ್ದು ಇಲ್ಲಾ ನೀಲಿ ಆಗಿದ್ದು. 9 ಸಲ ತಾನೇ ಆರಿ ಹತ್ತಿದ್ದು. ಆ ಒಂಬತ್ತರ ಟೈಮು ಕೇಳ್ತಾ ಕೇಳ್ತಾ ನನಗೆ ಏನೋ ಹೊಳೀತು. ಒಂಬತ್ತೂ ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡರ ಒಳಗೆ. ಮಂಗಳವಾರ ಒಂದೂ ಇಲ್ಲ. "ಅಮ್ಮಯ್ಯ, ಅದು ಹಿಟ್ಟಿನ ಗಿರಣಿ ಟೈಮು ಕಣೆ" ಅಂದೆ. ನಮ್ಮ ಮನೆ ಹಿಂದಿನ ಗಿರಣಿ ಬೆಳಿಗ್ಗೆ ಒಂಬತ್ತೂವರೆಗೆ ಶುರು ಆಗುತ್ತೆ, ಮಂಗಳವಾರ ರಜ. ರಾಗಿ ಬೀಸ್ಸಕ್ಕೆ ಹೋಗೋಳು ನಾನಲ್ವೇ, ನನಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರುತ್ತೆ? ಮೋಟ್ರು ಹಾಕಿದಾಗ ನಮ್ಮನೆ ಲೈಟು ಒಂದು ಕ್ಷಣ ಮಂಕಾಗೋದು ಯಾವತ್ತಿಂದ್ಲೂ ಇರೋದೇ.

ಅಲ್ಲಿಗೆ ಒಂದು ವಿಷಯ ಗೊತ್ತಾಯ್ತು. ನಾವು ಒಂದು ರೋಗ ಅನ್ಕೊಂಡಿದ್ವಿ. ಇದ್ದದ್ದು ಎರಡು. ಎರಡನ್ನೂ ಒಂದೇ ಅಂತ ನೋಡ್ತಿದ್ದಿದ್ದಕ್ಕೇ ಯಾವುದೂ ಲೆಕ್ಕಕ್ಕೆ ಸಿಗ್ತಿರ್ಲಿಲ್ಲ.

ಎರಡನೇದನ್ನ ಮೊದ್ಲು ಹೇಳ್ತೀನಿ, ಯಾಕಂದ್ರೆ ಇದು ನಿಮ್ಮೆಲ್ಲರ ಮನೇಲೂ ಇರೋದು. ನಮ್ಮನೇಲಿ ಇನ್ವರ್ಟರ್ ಐತೆ, ಕರೆಂಟಿನ ಚಿಂತೆ ಇಲ್ಲ ಅಂತಾನೇ ಇದ್ವಿ. ಆದ್ರೆ ಬಹಳಷ್ಟು ಇನ್ವರ್ಟರಿಗೆ ಹಿಂದುಗಡೆ ಒಂದು ಸಣ್ಣ ಸ್ವಿಚ್ ಇರುತ್ತೆ. ಒಂದು ಕಡೆ ನಾರ್ಮಲ್ ಇಲ್ಲಾ ಇಕೋ, ಇನ್ನೊಂದು ಕಡೆ ಯುಪಿಎಸ್. ನಾರ್ಮಲ್ ಕಡೆ ಇದ್ರೆ ವೋಲ್ಟೇಜು ಸುಮಾರು 100ಕ್ಕೆ ಇಳಿಯೋ ತನಕ ಅದು ಬ್ಯಾಟ್ರಿಗೆ ಬದಲಾಗಲ್ಲ, ಬದಲಾಗೋದೂ ನಿಧಾನ. ಫ್ಯಾನು, ಬಲ್ಬಿಗೆ ಅದು ನಡಿಯುತ್ತೆ. ಕಂಪ್ಯೂಟ್ರಿಗೆ ನಡಿಯಲ್ಲ, ಅದು ಸೆಕೆಂಡಿನ ನೂರನೇ ಒಂದೆರಡು ಪಾಲಿನಷ್ಟು ಹೊತ್ತು ತಡ್ಕೊಂಡ್ರೆ ಹೆಚ್ಚು. ಯುಪಿಎಸ್ ಕಡೆ ಹಾಕಿದ್ರೆ ಸುಮಾರು 180ಕ್ಕೆ ಇಳಿದ ತಕ್ಷಣ ಬ್ಯಾಟ್ರಿಗೆ ಹೋಗುತ್ತೆ, ಬೇಗ ಹೋಗುತ್ತೆ. ನಮ್ಮದು ನಾರ್ಮಲ್ ಕಡೆ ಇತ್ತು. ಸೊಸೆ ಮಂಚದ ಹಿಂದೆ ತೂರಿ ಆ ಸ್ವಿಚ್ ಈ ಕಡೆಗೆ ತಳ್ಳಿದ್ಲು. ಖರ್ಚು ಸೊನ್ನೆ. ಗಿರಣಿ ಮೋಟ್ರು ಹಾಕಿದ್ರೂ ಅವತ್ತಿಂದ ತಾನೇ ಆರಿದ್ದಿಲ್ಲ. ಒಂದು ಮಾತು ಮಾತ್ರ, ಹಂಗಿಟ್ರೆ ವೋಲ್ಟೇಜ್ ಕಮ್ಮಿ ಇರೋ ದಿನ ಬ್ಯಾಟ್ರಿ ಜಾಸ್ತಿ ಖರ್ಚಾಗುತ್ತೆ. ಪಕ್ಕದ ಪಾವಗಡದ ತಿರುಮಣೀಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದ್ರೂ, ನಮ್ಮ ಬೀದಿ ಕೊನೇ ಮನೆಗೆ ಬರೋ ಕರೆಂಟು ಎಷ್ಟು ಅಲ್ಲಾಡುತ್ತೆ ಅನ್ನೋದು ನಮ್ಮ ಬೀದಿ ತಂತಿ, ನಮ್ಮ ಬೀದಿ ಮೋಟ್ರಿನ ಲೆಕ್ಕ.

ಉಳಿದದ್ದು ಪರದೆ ನಿಲ್ಲೋದು. ಇದಕ್ಕೆ ಟೈಮಿಲ್ಲ. ರಾತ್ರಿ ಒಂದು ಗಂಟೇಲೂ ಆಗಿತ್ತು, ಮಂಗಳವಾರಾನೂ ಆಗಿತ್ತು. ಆದ್ರೆ ಬುಕ್ಕಿನಲ್ಲಿ "ಏನ್ ಮಾಡ್ತಿದ್ಲು" ಅನ್ನೋ ಕಾಲಮ್ಮಿನಲ್ಲಿ ಹದಿನಾಲ್ಕು ಸಲಾನೂ ದೊಡ್ಡ ಆಲ್ಬಂ ತೆಗೆದಿದ್ಲು. ಬರೀ ಮೇಲ್ ನೋಡ್ವಾಗ ಒಂದ್ಸಲಾನೂ ನಿಂತಿಲ್ಲ. ಅಂಗಡೀಲಿ ಯಾಕೆ ನಿಲ್ಲಲಿಲ್ಲ ಅಂತಾನೂ ಆಗ ಗೊತ್ತಾಯ್ತು. ಅಲ್ಲಿ ಬರೀ ಹಚ್ಚಿ ಇಟ್ಟಿದ್ರು, ಕೆಲಸ ಕೊಟ್ಟಿರ್ಲಿಲ್ಲ.

ಮೊದ್ಲು ಬಿಸಿ ಅಂತ ಅನುಮಾನ ಬಂತು. ನಮ್ಮ ಕಡೆ ಬೇಸಿಗೆ ಗೊತ್ತಲ್ಲ. ಪಕ್ಕದ ತಗಡು ತೆಗೆದು ಟೇಬಲ್ ಫ್ಯಾನ್ ಹಚ್ಚಿ ನೋಡಿದ್ಲು, ಆದ್ರೂ ನಿಂತು ಹೋಯ್ತು. ಬಿಸಿ ಅಳೆಯೋ ಪ್ರೋಗ್ರಾಂನಲ್ಲಿ 70 ಡಿಗ್ರಿ ದಾಟ್ತಿರ್ಲಿಲ್ಲ. 90ರ ಮೇಲೆ ಹೋದ್ರೆ ಯೋಚ್ನೆ ಮಾಡ್ಬೇಕಂತೆ. ಸರಿ, ಬಿಸಿ ಅಲ್ಲ. ಗೀಟು ಹೊಡೆದ್ಲು.

ಆಮೇಲೆ ರ‍್ಯಾಮು. ಕೆಲಸ ಮಾಡ್ವಾಗ ಕಂಪ್ಯೂಟ್ರು ಸಾಮಾನು ಹರಡ್ಕೊಳೋ ಜಾಗ ಅದು ಅಂತ ನನಗೆ ಹೇಳಿದ್ಲು. ನಾವು ಅಡಿಗೆಗೆ ಕೂತಾಗ ಮುಂದೆ ಮೊರ, ತಟ್ಟೆ, ಬೋಗುಣಿ ಹರಡ್ಕೊಳಲ್ವೇ, ಹಂಗೆ. ಅದ್ರಲ್ಲಿ ಕೋಟಿಗಟ್ಟಲೆ ಸಣ್ಣ ಸಣ್ಣ ಗೂಡು. ಒಂದೇ ಒಂದು ಗೂಡು ಕೆಟ್ಟಿದ್ರೂ ಸಾಕು, ಅಲ್ಲಿಟ್ಟಿದ್ದು ತಪ್ಪಾಗಿ ವಾಪಸ್ ಬರುತ್ತೆ. ಆದ್ರೆ ಯಾವ ಸಾಮಾನು ಯಾವ ಗೂಡಿಗೆ ಹೋಗುತ್ತೆ ಅನ್ನೋದು ಒಂದೊಂದ್ಸಲ ಒಂದೊಂದು ಥರ. ಹುರಿದ ಕಡ್ಲೆಕಾಯಿ ಒಂದು ಹಿಡಿ ತಗಂಡು ತಿಂತಿರ್ತೀವಿ, ಅದ್ರಲ್ಲಿ ಒಂದು ಮುಗ್ಗು ಬೀಜ ಇರುತ್ತೆ. ಅದು ಬಾಯಿಗೆ ಬೀಳೋ ತನಕ ಎಲ್ಲಾ ರುಚಿ. ಕಮ್ಮಿ ತಿಂದೋರಿಗೆ ಅದು ಸಿಗದೇನೂ ಇರ್ಬೋದು. ಹಿಡಿ ಪೂರ್ತಿ ತಿಂದೋರಿಗೆ ಮಾತ್ರ ಗ್ಯಾರಂಟಿ. ದೊಡ್ಡ ಆಲ್ಬಂ ಅಂದ್ರೆ ಹಿಡಿ ಪೂರ್ತಿ ತಿಂದಂಗೆ.

ಇದನ್ನ ನೋಡಕ್ಕೆ ಮೆಮ್‌ಟೆಸ್ಟ್86 ಅಂತ ಐತೆ, ದುಡ್ಡಿಲ್ದೆ ಸಿಗುತ್ತೆ. ಪೆನ್ ಡ್ರೈವಿಗೆ ಹಾಕಿ ಅದರಿಂದಾನೇ ಕಂಪ್ಯೂಟ್ರು ಹಚ್ಚಿದ್ರೆ ವಿಂಡೋಸ್ ಗೊಡವೆ ಇಲ್ದೆ ಎಲ್ಲಾ ಗೂಡಿಗೂ ಒಂದೊಂದು ಗುರುತು ಬರೆದು ವಾಪಸ್ ಓದಿ ನೋಡುತ್ತೆ, ನಾಕು ಸುತ್ತು. ಗಂಟೆಗಟ್ಟಲೆ ಬೇಕು, ರಾತ್ರಿ ಹಚ್ಚಿ ಮಲಗಬೇಕು. ವಿಂಡೋಸಿನಲ್ಲೇ ಮೆಮೊರಿ ಡಯಾಗ್ನೋಸ್ಟಿಕ್ ಅಂತ ಒಂದಿರುತ್ತೆ, ಬೇಗ ಮುಗಿಯುತ್ತೆ, ಆದ್ರೆ ಅದು ಅಷ್ಟು ಹಿಡಿದು ನೋಡಲ್ಲ. ಬೆಳಿಗ್ಗೆ ಎದ್ದು ನೋಡಿದ್ರೆ ಪರದೆ ತುಂಬ ಕೆಂಪು ಸಾಲು. ಸೊಸೆ ಕಣ್ಣಲ್ಲಿ ನೀರು. ನಾನು ಇನ್ನೂ ಕೆಟ್ಟೋಯ್ತು ಅಂತ ಗಾಬರಿ ಆದೆ. ಅವ್ಳು ಅಳ್ತಿದ್ದಿದ್ದು ಸಿಕ್ತಲ್ಲ ಅಂತ.

ಅಷ್ಟಕ್ಕೇ ಅವ್ಳು ನಿಲ್ಲಲಿಲ್ಲ, ಅದನ್ನೇ ನಾನು ಮೆಚ್ಚಿದ್ದು. ರ‍್ಯಾಮಿನ ಡಬ್ಬಿ ಮೇಲೆ 3200 ಅಂತ ವೇಗ ಬರೆದಿರುತ್ತೆ, ಆದ್ರೆ ಬಯಾಸಿನಲ್ಲಿ ಎಕ್ಸ್‌ಎಂಪಿ ಅನ್ನೋದನ್ನ ಆನ್ ಮಾಡೋ ತನಕ ಅದಕ್ಕಿಂತ ಕಮ್ಮಿ ವೇಗದಲ್ಲೇ ಓಡುತ್ತೆ. ಎಷ್ಟೋ ಸಲ ಆ ವೇಗ ತಡೀದೇನೇ ತಪ್ಪಾಗುತ್ತಂತೆ. ಅದನ್ನ ಆಫ್ ಮಾಡಿ ಇನ್ನೊಂದು ರಾತ್ರಿ ಹಚ್ಚಿದ್ಲು. ಮತ್ತೆ ಕೆಂಪು. ಇದ್ದದ್ದು 8 ಜಿಬಿಯ ಎರಡು ಪಟ್ಟಿ. ಒಂದನ್ನ ತೆಗೆದು ಒಂದನ್ನೇ ಇಟ್ಟು ಒಂದು ರಾತ್ರಿ, ಏನೂ ತಪ್ಪಿಲ್ಲ. ಇನ್ನೊಂದನ್ನ ಇಟ್ಟು ಒಂದು ರಾತ್ರಿ, ಕೆಂಪು. ಆ ಕೆಟ್ಟ ಪಟ್ಟೀನ ಇನ್ನೊಂದು ಸಂದಿಗೆ ಹಾಕಿ ಮತ್ತೊಂದು ರಾತ್ರಿ. ಇದು ಯಾಕೆ ಅಂದೆ. "ಸಂದಿ ಕೆಟ್ಟಿದ್ರೆ ಬೋರ್ಡಿನ ತಪ್ಪು, ಪಟ್ಟಿ ಕೆಟ್ಟಿದ್ರೆ ಪಟ್ಟಿ ತಪ್ಪು. ಸುಮ್ನೆ ಯಾರನ್ನೂ ಬೈಬಾರ್ದಲ್ಲ ಅತ್ತೆ" ಅಂದ್ಲು. ಪಟ್ಟಿ ಎಲ್ಲಿಟ್ರೂ ಕೆಂಪು ಅಲ್ಲಿಗೇ ಬಂತು. ಪಟ್ಟೀದೇ ತಪ್ಪು. ಫ್ಯಾಕ್ಟ್ರಿಯಿಂದ ಬರ್ವಾಗ್ಲೇ ಕೆಟ್ಟಿತ್ತು, ಇಲ್ಲಾ ಬಂದ ಮೇಲೆ ಬೇಗ ಕೆಡ್ತು. ಬಿಲ್ಲು, ಕೆಂಪು ಪರದೆ ಫೋಟೋ ಜೊತೆ ಕಳಿಸಿದ್ಲು, ವಾರಂಟಿ ಇತ್ತು, ಮೂರು ವಾರಕ್ಕೆ ಹೊಸದು ಬಂತು. ಅಲ್ಲಿ ತನಕ ಒಂದು ಪಟ್ಟೀಲೇ ಕೆಲಸ ಮುಗಿಸಿ ಕೊಟ್ಲು. ಒಂದು ಸ್ಟುಡಿಯೋ ಕೈತಪ್ಪಿ ಹೋಯ್ತು, ಉಳಿದೋರು ಉಳಿದ್ರು.

ಈಗ ನನ್ನ ಅಭಿಪ್ರಾಯ ಹೇಳ್ತೀನಿ, ಬೇಜಾರಾದ್ರೂ ಕೇಳಿ.

ಹೊಸ ಸಾಮಾನು ಅಂದ್ರೆ ಒಳ್ಳೇ ಸಾಮಾನು ಅನ್ನೋದು ನಮ್ಮ ತಲೇಲಿ ಕೂತ್ಬಿಟ್ಟೈತೆ. ಹಂಗಾಗಿ ಹೊಸದು ಕೆಟ್ರೆ ಮುಟ್ಟಿದೋರ ಕೈ ನೋಡ್ತೀವಿ. ಆದ್ರೆ ಯಂತ್ರದ ವಿಷಯ ಓದಿದೋರು ಹೇಳೋದೇ ಬೇರೆ, ಸಾಮಾನು ಜಾಸ್ತಿ ಕೆಡೋದು ತೀರ ಹೊಸದಿದ್ದಾಗ, ಆಮೇಲೆ ತೀರ ಹಳೇದಾದಾಗ, ನಡುವೆ ಕಮ್ಮಿ. ಇದು ನಮಗೆ ಗೊತ್ತಿಲ್ದೇ ಇರೋದಲ್ಲ. ಹೊಸ ಮಡಿಕೆ ತಟ್ಟಿ ನೋಡ್ದೆ ತಗಂತೀವಾ? ತಂದ ಮೇಲೆ ನೀರು ತುಂಬಿ ಒಂದು ದಿನ ಇಟ್ಟು ಸೋರುತ್ತಾ ನೋಡ್ದೆ ಒಲೆ ಮೇಲೆ ಇಡ್ತೀವಾ? ಎಪ್ಪತ್ತು ಸಾವಿರದ ಸಾಮಾನಿಗೆ ಮಾತ್ರ ಅರಿಶಿನ ಕುಂಕುಮ ಹಚ್ಚಿ ನಿಂಬೆಹಣ್ಣು ಕಟ್ಟಿ ಸುಮ್ನಾಗ್ತೀವಿ. ಪೂಜೆ ಮಾಡಿ, ಬೇಡ ಅನ್ನಲ್ಲ. ಪೂಜೆ ಆದ ರಾತ್ರೀನೇ ಮೆಮ್‌ಟೆಸ್ಟೂ ಹಚ್ಚಿ. ವಾಪಸ್ ಕೊಡೋ ದಿನ ಮುಗಿಯೋಕ್ಕೆ ಮುಂಚೆ ಒಂದು ವಾರ ಚೆನ್ನಾಗಿ ದುಡಿಸಿ ನೋಡಿ.

ಇದು ಬರೀ ನಮ್ಮೂರಿನ ಕತೆ ಅಲ್ಲ. 2024ರಲ್ಲಿ ಇಂಟೆಲ್ ಕಂಪನಿಯ 13ನೇ, 14ನೇ ತಲೆಮಾರಿನ ಪ್ರೊಸೆಸರ್ ಹಾಕಿದ್ದ ಕಂಪ್ಯೂಟ್ರುಗಳು ಲೋಕದ ತುಂಬ ಹಿಂಗೇ ಒಂದೊಂದ್ಸಲ ನಿಲ್ತಿದ್ವು. ಆಟ ಆಡೋರಿಗೆ ಪರದೆ ಮೇಲೆ "ವಿಡಿಯೋ ಮೆಮೊರಿ ಸಾಲಲ್ಲ" ಅಂತ ಬರೋದು, ಅವರು ಪಾಪ ಗ್ರಾಫಿಕ್ಸ್ ಕಾರ್ಡನ್ನ ಬೈಯೋರು. ಕೆಲವರು ಬೋರ್ಡಿನ ಸೆಟ್ಟಿಂಗ್ ಸರಿ ಇಲ್ಲ ಅಂದ್ರು. ಆ ಜುಲೈನಲ್ಲಿ ಕಂಪನಿಯೋರೇ ಒಪ್ಕೊಂಡ್ರು, ಪ್ರೊಸೆಸರಿನ ಒಳಗಿನ ಮೈಕ್ರೋಕೋಡು ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳ್ತಿದೆ ಅಂತ. ಆಗಸ್ಟಿನಲ್ಲಿ ಅದಕ್ಕೆ ಸರಿಪಡಿಸೋ ಅಪ್‌ಡೇಟು ಬಂತು, ವಾರಂಟಿ ಎರಡು ವರ್ಷ ಜಾಸ್ತಿ ಮಾಡಿದ್ರು. ಅಲ್ಲಿ ತನಕ "ನಿಮ್ಮದೇ ತಪ್ಪು" ಅನ್ನಿಸ್ಕೊಂಡೋರು ಎಷ್ಟು ಜನ ಇದ್ರೋ.

ಇನ್ನೊಂದು. ಒಂದೇ ಸಲ ಎಲ್ಲಾ ಬದಲಾಯಿಸಬೇಡಿ. ಅಂಗಡಿಯೋರು ಮೂರು ಬದಲಾಯಿಸಿದ್ರು, ನಾಕು ದಿನ ಓಡ್ತು. ಯಾವುದರಿಂದ ಓಡ್ತು, ಯಾವುದೂ ಅಲ್ದೆ ಸುಮ್ನೆ ಓಡ್ತಾ, ದೇವ್ರಿಗೇ ಗೊತ್ತು. ಸಾರು ಕೆಟ್ರೆ ಉಪ್ಪು, ಹುಳಿ, ಖಾರ ಮೂರನ್ನೂ ಒಟ್ಟಿಗೆ ಸುರೀತೀವಾ? ಒಂದು ಹಾಕಿ ರುಚಿ ನೋಡ್ತೀವಿ. ಒಂದು ಬದಲಾಯಿಸಿ, ಕಾಯಿರಿ. ಎರಡು ದಿನಕ್ಕೊಂದ್ಸಲ ಕೆಡ್ತಿದ್ರೆ ವಾರ ಪೂರ್ತಿ ಕೆಡ್ದೇ ಇರೋ ತನಕ ಸರಿ ಹೋಯ್ತು ಅನ್ಬೇಡಿ. ಬರ್ಕೊಳೋದು ಮರೆತ್ರೆ ವಿಂಡೋಸಿನಲ್ಲೇ ರಿಲಯಬಿಲಿಟಿ ಮಾನಿಟರ್ ಅಂತ ಐತೆ, ಕ್ಯಾಲೆಂಡರಿನಂಗೆ ದಿನದಿನಕ್ಕೂ ಕೆಟ್ಟಿದ್ದನ್ನ ಕೆಂಪು ಗುರುತು ಹಾಕಿ ಇಟ್ಟಿರುತ್ತೆ. ಅದು ಯಾವಾಗ ಅಂತ ಹೇಳುತ್ತೆ, ಗಿರಣಿ ಅಂತ ಹೇಳಲ್ಲ. ಅದಕ್ಕೆ ಮನೇಲಿರೋರೇ ಬೇಕು.

ನೋಟ್ ಬುಕ್ಕಿನಲ್ಲಿ ಎಲ್ಲಾ ಸಿಕ್ಬಿಡುತ್ತೆ ಅಂತಾನೂ ಹೇಳಲ್ಲ. ಒಳಗಿನ ಪವರ್ ಸಪ್ಲೈ ಡಬ್ಬಿ ಸೊರಗಿದ್ರೆ ಬರ್ದು ಬರ್ದು ಬುಕ್ ಮುಗಿದ್ರೂ ತಿಳಿಯಲ್ಲ, ಚೆನ್ನಾಗಿರೋ ಇನ್ನೊಂದನ್ನ ಇಸ್ಕೊಂಡು ಹಾಕಿ ನೋಡ್ಲೇಬೇಕು. ಆದ್ರೆ ಬರ್ದಿದ್ರೆ ಏನನ್ನ ಇಸ್ಕೋಬೇಕು ಅನ್ನೋದಾದ್ರೂ ಗೊತ್ತಾಗುತ್ತೆ.

ಕೊನೇದು, ನನ್ನ ಸಮಾಚಾರ. ನನಗೆ ಮೂರು ವರ್ಷದಿಂದ ಒಂದೊಂದ್ಸಲ ಎದೆ ಢವಢವ ಅಂತ ಹೊಡ್ಕಳತ್ತೆ, ಕಣ್ಣು ಕತ್ಲೆ ಬರುತ್ತೆ. ಆಸ್ಪತ್ರೆಗೆ ಹೋದ್ರೆ ಇಸಿಜಿ ಚೆನ್ನಾಗಿರುತ್ತೆ. "ಟೆನ್ಶನ್ ಮಾಡ್ಕೋಬೇಡಿ" ಅಂತಾರೆ. ಮನೇಲಿ "ಅಮ್ಮಂಗೆ ಸುಮ್ನೆ" ಅಂತಾರೆ. ನಾನೂ ಸುಮ್ನೆ ಅಂತಾನೇ ಅನ್ಕೊಂಡಿದ್ದೆ. ಕಂಪ್ಯೂಟ್ರು ಸರಿ ಹೋದ ಮಾರನೇ ದಿನ ಸೊಸೆ ಇನ್ನೊಂದು ಬುಕ್ಕಿಗೆ ಗೀಟು ಹಾಕಿ ನನ್ನ ಕೈಗೆ ಕೊಟ್ಲು. ತಾರೀಕು, ಟೈಮು, ಏನ್ ಮಾಡ್ತಿದ್ರಿ, ಏನಾಯ್ತು, ಎಷ್ಟು ಹೊತ್ತು. ಒಂದು ತಿಂಗಳು ಬರೆದೆ, ಏಳು ಸಲ. ಆ ಬುಕ್ ತಗಂಡೋಗಿ ಡಾಕ್ಟ್ರ ಮುಂದೆ ಇಟ್ಟೆ. ಈ ಸಲ ಅವರು ಟೆನ್ಶನ್ ಅನ್ಲಿಲ್ಲ. ಹೋಲ್ಟರ್ ಅಂತ ಒಂದು ಸಣ್ಣ ಯಂತ್ರ ಐತೆ, 24 ಗಂಟೆ ಎದೆ ಮೇಲೆ ಕಟ್ಕೊಂಡು ಮನೆ ಕೆಲಸ ಮಾಡ್ಕಂಡಿದ್ರೆ ಎದೆ ಬಡಿತ ಪೂರ್ತಿ ಬರ್ಕೊಳತ್ತೆ. ಮುಂದಿನ ವಾರ ಕಟ್ತಾರೆ. ಏನು ಬರುತ್ತೋ ನೋಡೋಣ.

ನಿಮ್ಮಲ್ಲೂ ಒಬ್ಬೊಬ್ರಿಗೆ ಒಂದೊಂದ್ಸಲ ಆಗೋದು ಏನಾದ್ರೂ ಇದ್ದೇ ಇರುತ್ತೆ. ಅಳಿಯಂಗೋ ಡಾಕ್ಟ್ರಿಗೋ ತೋರಿಸ್ವಾಗ ಅದು ಆಗಲ್ಲ. ನಿಮ್ಮ ಸುಳ್ಳು ಅಲ್ಲ ಅದು. ಒಂದು ಹಳೇ ಬುಕ್ ತಗಳಿ, ಗೀಟು ಹಾಕಿ.

ಸಂಘದ ಸಾಲದ ಆರನೇ ಕಂತು ಹೋದ ಶುಕ್ರವಾರ ಕಟ್ಟಿದ್ಲು. ಅದನ್ನ ನಮ್ಮ ಸಂಘದ ಬುಕ್ಕಿನಲ್ಲೂ ಬರೆದೈತೆ, ಅನುಮಾನ ಇದ್ದೋರು ನೋಡ್ಬೋದು. ಮತ್ತೆ, ಕೈಗುಣದ ಮಾತು ಆಡಿದ್ದಕ್ಕೆ ಸೊಸೆ ಹತ್ರ ತಪ್ಪಾಯ್ತು ಅಂತ ಹೇಳಿದೀನಿ. "ಬುಡಿ ಅತ್ತೆ, ಗಿರಣಿ ಹಿಡ್ಕೊಟ್ಟೋರು ನೀವೇ ಅಲ್ವಾ" ಅಂದ್ಲು.